ಹಳೇ ಕಾಲೇಜಿನ ಕೈ

ಕನಕಪುರದ ಕಾಲೇಜಿನಲ್ಲಿ ಟಿ.ಸಿ. ತೆಗೆದುಕೊಂಡೆ. ಅವ್ವನಿಗೆ ರಾಮನಗರದ ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿತ್ತು. ಸಾತನೂರಿನ ಮನೆಗೆ ಬೀಗ ಹಾಕಿ, ಅಜ್ಜಿಯನ್ನೂ ಕರೆದುಕೊಂಡು ಬಾಡಿಗೆ ಮನೆಗೆ ಬಂದೆವು. ಅಲ್ಲಿಂದ ದಿನಾ ಬಸ್ಸಿನಲ್ಲಿ ಕನಕಪುರಕ್ಕೆ ಹೋಗಿ ಪಾಠ ಕೇಳಬಹುದಿತ್ತು. ಬೆಳಿಗ್ಗೆ ಸಂಜೆಯ ಕಬಡ್ಡಿ ಪ್ರಾಕ್ಟೀಸು ಮಾತ್ರ ಆಗುತ್ತಿರಲಿಲ್ಲ. ಕಬಡ್ಡಿ ಬಿಟ್ಟರೆ ಯಾವ ಕಾಲೇಜೂ ನನ್ನನ್ನು ಕರೆಯುವಂಥ ಗುಣ ನನ್ನಲ್ಲಿ ಇರಲಿಲ್ಲ. ಮಾರ್ಕ್ಸ್ ಕಾರ್ಡು ನೋಡಿದವರಿಗೆಲ್ಲ ಅದು ಗೊತ್ತಿತ್ತು.

ರಾಮನಗರದ ಕಾಲೇಜಿನಲ್ಲಿ ಅಡ್ಮಿಶನ್ ಮುಗಿದುಹೋಗಿತ್ತು. ಅಲ್ಲಿನ ಪಿ.ಟಿ. ಮೇಷ್ಟ್ರು ಪ್ರಿನ್ಸಿಪಾಲರ ಹತ್ತಿರ ಮಾತಾಡಿ, ಆಟಗಾರ ಅನ್ನುವ ಲೆಕ್ಕದಲ್ಲಿ ನನ್ನನ್ನು ಸೇರಿಸಿಕೊಂಡರು. ಸೇರಿಸಿಕೊಂಡವರೇ ಹೇಳಿದರು: "ನೋಡಪ್ಪ, ನಿನ್ನ ಹಳೇ ಕಾಲೇಜಿನ ಮೇಲೇ ಒಂದು ಮ್ಯಾಚ್ ಇಟ್ಟಿದೀನಿ. ಟೀಮಿಗೆ ಹೊಂದ್ಕೊಂಡ್ರೆ ಸೀಟು ನಿಂದು. ಇಲ್ದಿದ್ರೆ ಪ್ರಿನ್ಸಿಪಾಲ್ರಿಗೆ ನಾನು ಮುಖ ತೋರ್ಸಕ್ಕಾಗಲ್ಲ, ನೀನು ಬೇರೆ ದಾರಿ ನೋಡ್ಕೋಬೇಕು."

ಬೇರೆ ದಾರಿ ಎಲ್ಲಿತ್ತು? ಕನಕಪುರದಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬ ಬಂದಾಗಿತ್ತು.

ನನಗೆ ಭಯ ಇದ್ದದ್ದು ಆಟದ್ದಲ್ಲ, ನನ್ನ ಕೈಯದು. ಬಿಡಿಸಿ ಹೇಳುತ್ತೇನೆ. ಎದುರು ತಂಡದವನು ರೈಡಿಗೆ ಬಂದಾಗ ನಾವು ಇಬ್ಬಿಬ್ಬರು ಕೈ ಕೈ ಹಿಡಿದು ನಿಲ್ಲುತ್ತೇವೆ, ಅದಕ್ಕೆ ಚೈನು ಅನ್ನುತ್ತೇವೆ. ಬಾಯಿಬಿಟ್ಟರೆ ರೈಡರಿಗೆ ಕೇಳಿಸುತ್ತದೆ, ಆದ್ದರಿಂದ ಮಾತೆಲ್ಲ ಅಂಗೈಯಲ್ಲೇ ನಡೆಯಬೇಕು. ಕನಕಪುರದಲ್ಲಿ ಜೊತೆಗಾರ ಕೈ ಅದುಮಿದರೆ 'ತಡಿ' ಎಂದರ್ಥ, ಎಳೆದರೆ 'ನುಗ್ಗು'. ರಾಮನಗರದಲ್ಲಿ ಅದು ಪೂರ್ತಿ ತಿರುಗುಮುರುಗು: ಎಳೆದರೆ ತಡಿ, ಅದುಮಿದರೆ ನುಗ್ಗು.

ಹೊಸ ಜೊತೆಗಾರ ಚನ್ನಪಟ್ಟಣದವನು, ಮುದ್ದೆಯಂಥ ಅಂಗೈ. "ಅದುಮಿದ್ರೆ ನುಗ್ಗು ಕಣ್ಲಾ, ಇಷ್ಟು ತಿಳಿಯಕಿಲ್ವಾ? ನಾನೊಬ್ನೇ ಹೋಗಿ ಬಿದ್ರೆ ಹಲ್ಲು ಉದ್ರೋದು ನಂದು" ಅನ್ನುತ್ತಿದ್ದ. ನನ್ನ ತಲೆಗೆ ತಿಳಿದಿತ್ತು. ಕೈಗೆ ತಿಳಿಸುವುದು ಹೇಗೆ?

ಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು, ಅವಳ ಕೈಗೆ ಕೈ ಕೊಟ್ಟು "ಅದುಮಜ್ಜಿ" ಅನ್ನುತ್ತಿದ್ದೆ. ಅವಳು ಅದುಮಿದ ಕೂಡಲೇ ಮುಂದಕ್ಕೆ ನುಗ್ಗುತ್ತಿದ್ದೆ.

"ಒಸಿ ಮೆತ್ಗಾಗಿ ಕಣಪ್ಪ, ತೋಳು ಕಿತ್ಕೊಂಡು ಬಂದಾತು. ಇದ್ಯಾವ ಪಾಠ?"

"ಕಾಲೇಜಿಂದು ಕಣಜ್ಜಿ."

"ಹೊಸ ಸೊಸೆ ಪಾಡಾಯ್ತು ನಿಂದು. ಆ ಮನೇಲಿ ಉಪ್ಪಿನ ಮಡಕೆ ಎಲ್ಲೈತೆ ಅಂತ ತಡಕಾಡೋದೇಯ."

ಅಜ್ಜಿಯ ಕೈ ಹಿಡಿದಾಗ ಒಂದು ಸಲವೂ ತಪ್ಪಲಿಲ್ಲ. ಅಲ್ಲಿ ಯಾರೂ ರೈಡಿಗೆ ಬರುತ್ತಿರಲಿಲ್ಲವಲ್ಲ.

ಮ್ಯಾಚಿನ ದಿನ ಕನಕಪುರದ ಹುಡುಗರು ಬಸ್ಸಿಳಿದು ಬಂದರು. ಅವರ ಮುಂದೆ ಇದ್ದವನು ನನ್ನ ಹಳೆಯ ಜೊತೆಗಾರ. ಪಿಯುಸಿಯಿಂದ ನಾವಿಬ್ಬರೂ ಒಂದೇ ಚೈನು. ರೈಡಿನಲ್ಲೂ ಅವನೇ ಮೊದಲು.

"ಏನ್ಲಾ, ಬನೀನು ಜೋರಾಗೈತೆ. ಬೆವ್ತ್ರೆ ಬಣ್ಣ ಬುಡ್ತದಾ?" ಅಂದ. ಅವನ ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ನುಗ್ಗುವ ಮುಂಚೆ ನಾನು ಯಾವ ಹಿಮ್ಮಡಿ ಎತ್ತುತ್ತೇನೆ ಅನ್ನುವುದೂ ಅವನಿಗೆ ಗೊತ್ತಿತ್ತು.

ಮೊದಲರ್ಧದಲ್ಲಿ ರೈಡರುಗಳು ನಮ್ಮ ಕಡೆ ಹೆಚ್ಚು ಬರಲಿಲ್ಲ. ಅವರು ಆಚೆ ತಿರುಗಿದಾಗಲೆಲ್ಲ ದೇವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮುಗಿಯಬೇಕಾದ ಕೈಗಳಲ್ಲಿ ಒಂದು ಚನ್ನಪಟ್ಟಣದವನ ಹತ್ತಿರ ಇತ್ತು. ಆಟ ಮುಗಿಯುವ ಹೊತ್ತಿಗೆ ಎರಡೂ ತಂಡ ಸಮಸಮ. ಆಗ ನನ್ನ ಹಳೆಯ ಜೊತೆಗಾರನೇ ರೈಡಿಗೆ ಬಂದ. "ಕಬಡ್ಡಿ ಕಬಡ್ಡಿ" ಅನ್ನುತ್ತಾ, ನನ್ನ ಕಾಲನ್ನೇ ನೋಡುತ್ತಾ, ಸೀದಾ ನಮ್ಮ ಚೈನಿನ ಮುಂದಕ್ಕೆ.

ಚನ್ನಪಟ್ಟಣದವನು ಅದುಮಿದ.

ನಾನು ಮರೆತಿರಲಿಲ್ಲ. ನುಗ್ಗಬೇಕೆಂದು ಗೊತ್ತಿತ್ತು. ಗೊತ್ತಿದ್ದೂ ಕಾಲು ನೆಲ ಕಚ್ಚಿಕೊಂಡು ನಿಂತವು. ಅವನ ಕೈ ನನ್ನ ಕೈಯಿಂದ ಜಾರಿತು. ಅವನೊಬ್ಬನೇ ಹಾರಿ ರೈಡರಿನ ಕಾಲಿಗೆ ಬಿದ್ದ. ಸೀಟು ಹೋಯಿತು ಅಂದುಕೊಂಡೆ. ನಾನೂ ಜೊತೆಗೇ ಬರುತ್ತೇನೆ ಅಂದುಕೊಂಡ ರೈಡರ್ ನನ್ನಿಂದ ತಪ್ಪಿಸಿಕೊಳ್ಳಲು ಮೊದಲೇ ಪಕ್ಕಕ್ಕೆ ಬಾಗಿದ್ದ. ನಾನು ಬಾರದ್ದು ನೋಡಿ, ಕಾಲು ಜಗ್ಗಿಕೊಂಡು ಗೆರೆಯ ಕಡೆ ತಿರುಗಿದ. ತಿರುಗಿದಾಗ ಅವನ ಸೊಂಟ ನನ್ನ ಎದುರಿಗೇ ಬಂತು. ಆಗ ನನ್ನ ಕಾಲು ನೆಲ ಬಿಟ್ಟವು. ಸೊಂಟ ತಬ್ಬಿಕೊಂಡು ಬಿದ್ದೆ. ಅವನ ಬೆರಳು ಗೆರೆಗೆ ಗೇಣು ದೂರದಲ್ಲಿದ್ದಾಗ ವಿಷಲ್ ಆಯಿತು; ಅವನು ಔಟು, ಪಾಯಿಂಟು ನಮ್ಮದು.

ಧೂಳಿನಲ್ಲಿ, ನನ್ನ ಕೆಳಗಿನಿಂದ, ಏದುಸಿರು ಬಿಡುತ್ತಾ ಅವನು ಮೆಲ್ಲಗೆ ಅಂದ: "ಅವ್ನು ಅದುಮ್ದ, ನೀನು ನಿಂತ್ಬುಟ್ಟೆ. ಇನ್ನೂ ನಮ್ ಕೈನೇ ಕಣ್ಲಾ ನಿಂದು." ಎದ್ದು ಮೈ ಒದರಿಕೊಂಡು ಹೋದ. ಬೇರೆ ಯಾರಿಗೂ ಹೇಳಲಿಲ್ಲ.

ಮೇಷ್ಟ್ರು ನಗುತ್ತಾ ಬಂದರು. "ಹಿಂಗಿರ್ಬೇಕು. ಒಬ್ಬ ಮೊದ್ಲು ಕಾಲಿಗೆ, ಇನ್ನೊಬ್ಬ ಒಂದುಸಿರು ತಡೆದು ಸೊಂಟಕ್ಕೆ. ಕನಕಪುರದಲ್ಲಿ ಹೇಳ್ಕೊಟ್ರಾ?" ಹೌದೋ ಅಲ್ಲವೋ ತಿಳಿಯದ ಹಾಗೆ ತಲೆಯಾಡಿಸಿದೆ. "ಸೀಟಿನ ಯೋಚ್ನೆ ಬಿಡು" ಅಂದರು. ಚನ್ನಪಟ್ಟಣದವನು ಮಾತ್ರ ತುಟಿಯ ರಕ್ತ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ನಮ್ಮಿಬ್ಬರನ್ನು ಅಂಕಣದಲ್ಲಿ ನಿಲ್ಲಿಸಿ, ಎಲ್ಲರನ್ನೂ ಸುತ್ತ ಕೂರಿಸಿದರು. "ನೆನ್ನೆ ಮಾಡಿದ್ರಲ್ಲ, ಅದನ್ನೇ ಮಾಡಿ ತೋರ್ಸಿ."

ರೈಡರ್ ಬಂದ. ಚನ್ನಪಟ್ಟಣದವನು ಅದುಮಿದ. ನನ್ನ ಕಾಲು ಒಂದು ಚೂರೂ ತಡೆಯದೆ, ಅವನ ಜೊತೆಜೊತೆಗೇ ನುಗ್ಗಿಬಿಟ್ಟವು.

"ಅಲ್ವಲ್ಲಪ್ಪ," ಮೇಷ್ಟ್ರು ಹುಬ್ಬು ಗಂಟಿಕ್ಕಿದರು, "ನೆನ್ನೆ ಹಿಂಗಾ ಮಾಡಿದ್ದು? ಇನ್ನೊಂದ್ಸಲ."

ನಾನು ಬೆವೆತ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮತ್ತೆ ಚಾಚಿದೆ.