ಶ್ರುತಿ ಇಳಿಸಿದ ಒಂಬತ್ತು ಹಾಡು

ವಿನೋಬನಗರದಲ್ಲಿ ಆಲ್ಬಮ್ ಎಂದರೆ ಮದುವೆಯದು. ನಮ್ಮ ಮೊದಲ ಆಲ್ಬಮ್ ಬಂತು ಎಂದು ನಾನು ಹಿಗ್ಗಿನಿಂದ ಹೇಳಿದಾಗ ಪಕ್ಕದ ಮನೆಯ ಸುಮಿತ್ರಮ್ಮ, "ಯಾರ ಮದುವೇದು ಟೀಚರ್? ತನ್ನಿ, ನೋಡೋಣ" ಎಂದು ಕನ್ನಡಕ ಹುಡುಕತೊಡಗಿದರು. ನೋಡುವುದಲ್ಲ, ಕೇಳುವುದು ಎಂದೆ. ರಾಕ್ ಸಂಗೀತ ಎಂದೂ ಸೇರಿಸಿದೆ. ನಲವತ್ತೈದು ದಾಟಿದ, ಹಗಲೆಲ್ಲ ಹೈಸ್ಕೂಲಿನಲ್ಲಿ ಅಕ್ಷಾಂಶ ರೇಖಾಂಶ ಹೇಳಿಕೊಡುವ ಹೆಂಗಸನ್ನು ಅವರು ಮೇಲಿಂದ ಕೆಳಗೊಮ್ಮೆ ನೋಡಿ, "ಹೋಗ್ಲಿ ಬಿಡಿ, ಕಾಫಿ ಕುಡೀರಿ" ಎಂದು ಸಮಾಧಾನ ಮಾಡಿದರು.

ನಮ್ಮದು ಮೂವರ ಬ್ಯಾಂಡು. ಗಿಟಾರ್ ನನ್ನದು. ಡ್ರಮ್ಸ್ ಬಾರಿಸುವ ಪರಮೇಶಿ ಹೊಳಲೂರಿನವನು, ಟ್ರ್ಯಾಕ್ಟರ್ ಬಿಡಿಭಾಗದ ವ್ಯಾಪಾರಿ. ಹಾಡು ಬರೆದು ಹಾಡುವವಳು ಭದ್ರಾವತಿ ನ್ಯೂ ಟೌನಿನ ಸೆಲ್ವಿ. ಮನೆಯಲ್ಲಿ ತಮಿಳು, ಹಾಡಿನಲ್ಲಿ ಕನ್ನಡ. ಅವಳ ತಾರಸ್ಥಾಯಿಯ ಅಬ್ಬರದಲ್ಲಿ ನನ್ನ ಬೆರಳಿನ ತಪ್ಪುಗಳು ಯಾರಿಗೂ ಕೇಳಿಸುತ್ತಿರಲಿಲ್ಲ. ನಾಲ್ಕು ವರ್ಷ ಅದರ ಮರೆಯಲ್ಲೇ ನಾನು ವಾದಕಿ ಎನಿಸಿಕೊಂಡಿದ್ದೆ.

ಒಂಬತ್ತು ಹಾಡುಗಳಲ್ಲಿ ಐದರ ರೆಕಾರ್ಡಿಂಗ್ ಮುಗಿದಿತ್ತು. ಅಷ್ಟರಲ್ಲಿ ಸೆಲ್ವಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ, ಧ್ವನಿ ಮಾತ್ರ ಮೊದಲಿನಂತೆ ಬರಲಿಕ್ಕಿಲ್ಲ ಎಂದರು ಡಾಕ್ಟರು. ತಿಂಗಳುಗಳ ಮೌನದ ನಂತರ ಅವಳು ಹಾಡಲು ನೋಡಿದಾಗ ಬಂದದ್ದು ತಗ್ಗಿದ, ಒರಟು ಸ್ವರ. ಮೇಲಕ್ಕೇರಿಸಿದರೆ ಬರೀ ಗಾಳಿ.

ಆಗ ನಾನೊಂದು ತಪ್ಪು ಮಾಡಿದೆ. ಉಳಿದ ನಾಲ್ಕನ್ನು ಬೇರೆ ಹುಡುಗಿಯಿಂದ ಹಾಡಿಸೋಣವೇ ಎಂದು ಅವಳಿಗೆ ಮೆಸೇಜ್ ಕಳಿಸಿದೆ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದು. ಅಂಥ ಮನಸ್ಸಿನಿಂದ ಮಾಡಿದ ಅವಮಾನವೇ ಹೆಚ್ಚು ನೋಯಿಸುತ್ತದೆಂದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದವಳು ನನ್ನ ಮನೆ ಬಾಗಿಲಲ್ಲೇ ನಿಂತಳು.

"ಸತ್ತಿದ್ದೀನಾ ನಾನು?"

"ಅಲ್ಲ ಮಾರಾಯ್ತಿ, ನಿಂಗೆ ಕಷ್ಟ ಆಗ್ಬಾರ್ದು ಅಂತ..."

"ಕಷ್ಟ ನಂದು, ನಾನು ನೋಡ್ಕೋತೀನಿ. ನೀನು ಶ್ರುತಿ ಇಳ್ಸು."

"ಆಗಿರೋ ಐದು ಹಾಡು?"

"ಅವನ್ನೂ ಮತ್ತೆ ಹಾಡ್ತೀನಿ. ಹಳೇ ಸೆಲ್ವಿ ಐದು, ಹೊಸ ಸೆಲ್ವಿ ನಾಲ್ಕು, ಹಂಗೆಲ್ಲ ಪಾಲು ಬೇಡ."

ನಮ್ಮ ಶಾಸ್ತ್ರೀಯ ಸಂಗೀತಗಾರರು ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುತ್ತಾರೆ. ಯಾರೂ ಅದನ್ನು ಸೋಲು ಎನ್ನುವುದಿಲ್ಲ, ಪಕ್ವತೆ ಎನ್ನುತ್ತಾರೆ. ರಾಕಿನವರಿಗೆ ಆ ಮರ್ಯಾದೆ ಇಲ್ಲ. ಗಿಟಾರಿಗಂತೂ ಇಲ್ಲವೇ ಇಲ್ಲ. ತಂತಿ ಸಡಿಲಿಸಿದರೆ ನೊಣದಂತೆ ಗುಂಯ್ಗುಡುತ್ತದೆ. ದಪ್ಪ ತಂತಿ ಹಾಕಿಸಿ, ಬೆರಳ ತುದಿ ಸುಲಿಸಿಕೊಂಡು, ಒಂಬತ್ತೂ ಹಾಡನ್ನು ಮೊದಲಿನಿಂದ ಕಲಿತೆ. ಈಗ ಮರೆಗೆ ಯಾವ ತಾರಸ್ಥಾಯಿಯೂ ಇರಲಿಲ್ಲ, ನನ್ನ ತಪ್ಪೆಲ್ಲ ಬಿಸಿಲಿಗೆ ಬಿದ್ದಿತ್ತು. ಪರಮೇಶಿ ಡ್ರಮ್ಮುಗಳ ಮೇಲೆ ಟವೆಲ್ ಹೊದಿಸಿ, "ಮೆಲ್ಲಗೆ ಬಾರ್ಸೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ ಕಣ್ರೀ" ಎಂದು ಬೆವರೊರೆಸಿಕೊಂಡ.

ಹೊಳಲೂರಿನ ಅವನ ಗೋದಾಮೇ ಸ್ಟುಡಿಯೋ. ಸುತ್ತ ಪೇರಿಸಿದ ಟೈರುಗಳು ಪ್ರತಿಧ್ವನಿ ನುಂಗುತ್ತಿದ್ದವು. ಸೆಲ್ವಿ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಹಾಡಬಹುದಿತ್ತು. ಹಾಗಾಗಿ ಒಂದು ಭಾನುವಾರ ಪಲ್ಲವಿ, ಇನ್ನೊಂದು ಭಾನುವಾರ ಚರಣ. ಸ್ವರ ಕೈಕೊಟ್ಟ ದಿನ ಅವಳು ಬಿಸಿನೀರು ಕುಡಿದು ಬಸ್ಸು ಹತ್ತುತ್ತಿದ್ದಳು. ಮುಂದಿನ ವಾರ ನಮಗಿಂತ ಮೊದಲೇ ಬಂದು ಟೈರಿನ ಮೇಲೆ ಕೂತಿರುತ್ತಿದ್ದಳು. ಹೀಗೆ ಹತ್ತು ತಿಂಗಳು.

ಎಲ್ಲ ಮುಗಿದ ಮೇಲೆ ನ್ಯೂ ಟೌನಿನ ಅವಳ ಮನೆಯಲ್ಲೇ ಮೊದಲು ಕೇಳಿದೆವು. ಕಾರ್ಖಾನೆಯಿಂದ ನಿವೃತ್ತರಾದ ಅವಳ ಅಪ್ಪ, ಹಿಂದೆಲ್ಲ ಮಗಳ ಹಾಡು ಶುರುವಾದರೆ ವಾಕಿಂಗ್ ಹೊರಡುತ್ತಿದ್ದವರು, ಈ ಸಲ ಕುರ್ಚಿ ಎಳೆದುಕೊಂಡು ಕೂತರು. ಒಂಬತ್ತೂ ಕೇಳಿದರು. ಸೆಲ್ವಿ ನೆಲ ನೋಡುತ್ತಿದ್ದಳು.

"ಮೊದ್ಲು ಬರೀ ಕೂಗು ಕೇಳಿಸ್ತಿತ್ತು" ಎಂದರು ಅಪ್ಪ, ನಮಗೂ ತಿಳಿಯಲೆಂದು ಕನ್ನಡದಲ್ಲೇ. "ಈಗ ಮಾತೂ ಕೇಳಿಸ್ತಿದೆ. ಅದೇನಮ್ಮಾ, ಮೂರನೇ ಹಾಡಲ್ಲಿ ಬರೋ ಮೊಂಡ ಮುದುಕ ಯಾರು?"

ನಾನೂ ಪರಮೇಶಿಯೂ ಗೋಡೆ ನೋಡಿದೆವು.

"ತೆಗೀಲಾ ಅಪ್ಪಾ?" ಎಂದಳು ಸೆಲ್ವಿ.

"ಯಾಕೆ ತೆಗೀತೀಯ? ಮತ್ತೆ ಹಾಕು. ಎಲ್ಲೆಲ್ಲಿ ತಪ್ಪು ಬರ್ದಿದ್ದೀಯ, ಹೇಳ್ತೀನಿ."

ಆ ಮಧ್ಯಾಹ್ನ ಅವರು ಆ ಹಾಡನ್ನು ಐದು ಸಲ ಹಾಕಿಸಿದರು. ತಪ್ಪು ಮಾತ್ರ ಒಂದನ್ನೂ ಹೇಳಲಿಲ್ಲ.