ಗೆಳತಿಗೆ ಜಡೆ ಹಾಕಿದ ದಿನಗಳು

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದು ಊರು ಸಮಾಧಾನಕ್ಕೆ ಬಂದಿತ್ತು. ನಮ್ಮೂರು ನೌಬಾದದಲ್ಲಿ ಪಕ್ಕದ ಮನೆಯ ದರ್ಜಿಯ ಹೆಂಡತಿ ನನ್ನ ಓರಗೆಯ ಗೆಳತಿ. ಮನೆಯಲ್ಲಿ ದಖನಿ ಉರ್ದು ಆಡುತ್ತಿದ್ದಳು, ನನ್ನ ಜೊತೆ ಕನ್ನಡ. ಎದೆಯಲ್ಲಿ ಗಂಟು ಕಂಡಾಗ ಗಂಡನಿಗಿಂತ ಮೊದಲು ನನಗೆ ಹೇಳಿದಳು. ನಾನೇ ಅವನಿಗೆ ತಿಳಿಸಿದೆ. ಮೂವರೂ ರೈಲು ಹತ್ತಿ ಹೈದರಾಬಾದಿಗೆ ಹೋದೆವು. ಡಾಕ್ಟರು ಕ್ಯಾನ್ಸರ್ ಎಂದು ಹೇಳಿ, ಆಪರೇಷನ್ ಮಾಡಿ ಬಲಗಡೆಯ ಸ್ತನವನ್ನು ತೆಗೆದರು.

ಮನೆಗೆ ಬಂದ ಮೇಲೆ ಅವಳ ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ. ಹೀಗಾಗಿ ದಿನಾ ಮಧ್ಯಾಹ್ನ ನಾನು ಹೋಗಿ ಅವಳ ತಲೆ ಬಾಚಿ ಜಡೆ ಹಾಕತೊಡಗಿದೆ.

“ನಿಧಾನ ಬಾಚು. ನಾ ನಿಮ್ಮ ಮನಿ ಎಮ್ಮಿ ಅಲ್ಲ,” ಎನ್ನುತ್ತಿದ್ದಳು.

“ಎಮ್ಮಿ ಇಷ್ಟು ಮಾತಾಡಂಗಿಲ್ಲ. ಸುಮ್ನ ಕೂಡು,” ಎನ್ನುತ್ತಿದ್ದೆ.

ಒಂದು ದಿನ ಅವಳು ನಗಲಿಲ್ಲ. “ಇದು ಮತ್ತ ಬಂದ್ರ ಹ್ಯಾಂಗ?” ಎಂದು ಕೇಳಿದಳು.

“ಬಂದ್ರ ಮತ್ತ ಹೈದರಾಬಾದಿಗೆ ಹೋಗೋಣ. ನಾ ಇದ್ದೀನಲ್ಲ,” ಎಂದೆ. ಅವಳು ನನ್ನ ಮೊಣಕಾಲಿಗೆ ತಲೆ ಒರಗಿಸಿದಳು.

ಬೇಸಿಗೆ ಕಳೆಯುವಷ್ಟರಲ್ಲಿ ಕೈ ಮೇಲೇಳತೊಡಗಿತು. ಆ ರೋಗ ಮತ್ತೆ ಬರಲಿಲ್ಲ, ಬಹಳ ವರ್ಷ ನಾವು ಅಕ್ಕಪಕ್ಕ ಬಾಳಿದೆವು. ಆದರೆ ಅವಳು ಮೊದಲ ಸಲ ತಾನೇ ಜಡೆ ಹಾಕಿಕೊಂಡು ಕೂತಿದ್ದ ದಿನ ನನಗೆ ಸಂತೋಷದ ಜೊತೆ, ಇನ್ನು ಇಲ್ಲಿ ನನಗೇನು ಕೆಲಸ ಎಂದೂ ಅನಿಸಿತು. ಬಾಗಿಲಲ್ಲೇ ನಿಂತೆ. ಅವಳು ನನ್ನ ಮುಖ ನೋಡಿ ಜಡೆ ಬಿಚ್ಚಿದಳು.

“ಹಿಂದ ಸೊಟ್ಟ ಆಗ್ಯಾದ. ಬಾ, ನೀನೇ ಹಾಕು,” ಎಂದಳು.