ಮೈಗೆ ಹತ್ತಬೇಕಾದ ಗುಳಿಗೆ

ಶಾಂತಕ್ಕ ಎದುರು ಸಿಕ್ಕ ಬಸುರಿಯನ್ನು ಮೊದಲು ಮಾತನಾಡಿಸುತ್ತಿರಲಿಲ್ಲ. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಬಸ್ ಸ್ಟಾಪಾಗಲಿ, ಮದುವೆಮನೆಯಾಗಲಿ, ಸಂಕೋಚವೇ ಇಲ್ಲ. ಒಳಗೆ ಕೆಂಪಗಿದ್ದರೆ ‘ಊಟ ಆತಾ?’, ಬೆಳ್ಳಗಿದ್ದರೆ ಅಲ್ಲೇ ಬೈಗುಳ ಶುರು. ನಮ್ಮ ಮದಕರಿಪುರದ ಆಶಾ ಕಾರ್ಯಕರ್ತೆ ಅವರು. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಊರಿಗೆಲ್ಲ ಕೇಳುವ ಗಂಟಲು.

ನನ್ನ ಕಣ್ಣು ಬೆಳ್ಳಗಿತ್ತು. ಐದನೇ ತಿಂಗಳಲ್ಲಿ ರಕ್ತ ಏಳೂವರೆ, ಹನ್ನೊಂದಾದರೂ ಇರಬೇಕಿತ್ತು. ಶಾಂತಕ್ಕ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಎರಡನ್ನೂ ಕೊಟ್ಟರು. ಒಂದು ದಿನವೂ ತಪ್ಪಿಸದೆ ನುಂಗಿದೆ. ಏಳನೇ ತಿಂಗಳಲ್ಲಿ ನೋಡಿದರೆ ಅದೇ ಏಳೂವರೆ. ‘ತಿಪ್ಪೆಗೆ ಎಸೆದು ಸುಳ್ಳು ಹೇಳ್ತೀಯಾ?’ ಎಂದರು ಡಾಕ್ಟರು. ಹೀಗೇ ಆದರೆ ಹೆರಿಗೆಯಲ್ಲಿ ನೀನೂ ಉಳಿಯಲ್ಲ, ಮಗುವೂ ಉಳಿಯಲ್ಲ ಅಂದರು. ನಾನು ಅಳುತ್ತಾ ನಿಂತೆ. ‘ಈ ಹುಡುಗಿ ಸುಳ್ಳು ಹೇಳಾಕಿಲ್ಲ ಸರ್’ ಎಂದವರು ಶಾಂತಕ್ಕ ಒಬ್ಬರೇ.

ಮರುದಿನ ನಾನು ಗುಳಿಗೆ ನುಂಗುವ ಹೊತ್ತಿಗೇ ಮನೆಗೆ ಬಂದು ಕೂತರು. ನಮ್ಮದು ಆಡು-ಕುರಿ ಸಾಕುವ ಮನೆ. ಅತ್ತೆ ಕೆಂಚಮ್ಮ ಎಂದಿನಂತೆ ಎರಡೂ ಗುಳಿಗೆಗಳನ್ನು ನನ್ನ ಅಂಗೈಗಿಟ್ಟು, ಆಡಿನ ಹಾಲಿನ ಗಟ್ಟಿ ಟೀ ಕೊಟ್ಟರು. ಗುಳಿಗೆ ಉಷ್ಣ, ಬರೀ ನೀರಲ್ಲಿ ನುಂಗಿದರೆ ಕೂಸಿಗೆ ಆಗದು ಎಂಬುದು ಅವರ ನಂಬಿಕೆ. ಅದು ಪ್ರೀತಿಯೇ, ನನಗೆ ಗೊತ್ತು.

ಶಾಂತಕ್ಕ ಲೋಟ ಕಸಿದುಕೊಂಡರು. ‘ಸಿಕ್ತು ನೋಡು! ಕೆಂಚಮ್ನೋರೆ, ಟೀ ಜೊತಿಗೆ ಕಬ್ಬಿಣದ ಗುಳಿಗೆ ಮೈಗೆ ಹತ್ತಲ್ಲ ಕಣ್ರೀ. ಕ್ಯಾಲ್ಸಿಯಂ ಜೊತಿಗೂ ಹತ್ತಲ್ಲ. ಹೊಟ್ಟೆಗೆ ಹೋಗ್ತೈತೆ, ಹಂಗೇ ಹೊರಗೆ ಹೋಗ್ತೈತೆ. ನಿಂಬೆಹಣ್ಣಿನ ನೀರಾಗೆ ಕೊಡ್ರಿ. ಕ್ಯಾಲ್ಸಿಯಂ ರಾತ್ರಿ ಉಂಡಾದ್ಮ್ಯಾಲೆ.’

‘ನಾಕು ಹೆತ್ತೀನಿ, ಒಂದು ಗುಳಿಗೆ ನುಂಗಿಲ್ಲ. ನಂಗೇ ಹೇಳಾಕೆ ಬಂದ್ಯಾ?’ ಎಂದರು ಅತ್ತೆ.

‘ನಾಕು ಹೆತ್ರಿ. ಉಳದಿದ್ದೆಷ್ಟು?’

ಉಳಿದದ್ದು ಒಬ್ಬನೇ, ನನ್ನ ಗಂಡ. ಅತ್ತೆ ಬಾಗಿಲ ಕಡೆ ಕೈ ತೋರಿಸಿದರು. ‘ಇನ್ನ ನನ್ನ ಹೊಸ್ತಿಲು ತುಳೀಬ್ಯಾಡ.’

ಮರುದಿನ ಅದೇ ಹೊತ್ತಿಗೆ ಹೊರಗೆ ಅದೇ ಗಂಟಲು. ‘ಹೊಸ್ತಿಲು ನಿಮ್ದು, ರಸ್ತೆ ಪಂಚಾಯ್ತೀದು! ಇಲ್ಲೇ ನಿಂತಿರ್ತೀನಿ. ಬಾರಮ್ಮ, ನುಂಗು.’ ಕೈಯಲ್ಲಿ ನಿಂಬೆಹಣ್ಣಿನ ನೀರಿನ ಬಾಟಲಿ. ಅತ್ತೆಯ ಮುಂದೆ ಎಂದೂ ದನಿ ಎತ್ತದ ನಾನು ಅಂದು ಟೀ ಲೋಟವನ್ನು ಕಟ್ಟೆಯ ಮೇಲಿಟ್ಟು, ಬೀದಿಗೆ ನಡೆದು, ಎಲ್ಲರೂ ನೋಡುತ್ತಿರುವಾಗಲೇ ನುಂಗಿದೆ. ದಿನವೂ ಹೀಗೇ. ಒಂಬತ್ತು ತುಂಬುವಷ್ಟರಲ್ಲಿ ರಕ್ತ ಹತ್ತು ದಾಟಿತು.

ಹೆರಿಗೆಯಲ್ಲಿ ತುಂಬಾ ರಕ್ತ ಹೋಯಿತು. ಆದರೂ ಉಳಿದೆ, ಮಗಳೂ ಉಳಿದಳು. ಚಿತ್ರದುರ್ಗದ ವಾರ್ಡಿನಲ್ಲಿ ಅತ್ತೆ ತಾವೇ ಎದ್ದು ಮಗುವನ್ನು ಶಾಂತಕ್ಕನ ಕೈಗಿಟ್ಟರು. ಶಾಂತಕ್ಕನಿಗೆ ಕಣ್ಣು ತುಂಬಿತು. ‘ಅವತ್ತು ಹಂಗೆ ಕೇಳಬಾರದಿತ್ತು ಕಣ್ರೀ. ಯಾವುದರ ಜೊತಿಗೆ ನುಂಗಬೇಕು ಅಂತ ನಾನೂ ಮೊದ್ಲೇ ಹೇಳಿರಲಿಲ್ಲ’ ಎಂದರು.

ಅದೇ ಕೊನೆಯ ಭೇಟಿ. ಹದಿನೈದು ದಿನಕ್ಕೆ, ನಾನಿನ್ನೂ ಬಾಣಂತಿ ಕೋಣೆಯಲ್ಲಿರುವಾಗ, ಶಾಂತಕ್ಕ ಲಕ್ವ ಹೊಡೆದು ತೀರಿಕೊಂಡರು. ಬಿ.ಪಿ. ಇತ್ತಂತೆ. ಚೀಲದಲ್ಲಿ ಅವರದೇ ಗುಳಿಗೆಗಳ ಹಾಳೆ ಸಿಕ್ಕಿತಂತೆ, ಒಂದನ್ನೂ ಬಿಡಿಸಿರಲಿಲ್ಲ. ನನಗೆ ಅಳುವಿಗಿಂತ ಸಿಟ್ಟು ಬಂತು, ಅವರ ಮೇಲಲ್ಲ. ಊರಿನ ಬಸುರಿಯರಿಗೆಲ್ಲ ನಿಂತು ನುಂಗಿಸಿದ ಹೆಂಗಸಿಗೆ ‘ನೀವು ನುಂಗಿದ್ರಾ?’ ಎಂದು ಕೇಳಲು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ.